ನಗರ, ಗಡಿಯಾರ, ಮೂಕಿಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

1920ರ ದಶಕದ ನಗರ ಚಿತ್ರಗಳು ಮತ್ತು ಅದೇ ಕಾಲದ ಕಾದಂಬರಿ, ಕವಿತೆಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಜೇಮ್ಸ್ ಜಾಯ್ಸ್, ವರ್ಜೀನಿಯಾ ವುಲ್ಫ್, ಟಿ.ಎಸ್. ಎಲಿಯಟ್ ಮೊದಲಾದ ಇಂಗ್ಲಿಷ್ ಲೇಖಕರು ಸಿನಿಮಾ ನೋಡಿ ಕತ್ತರಿಸಿ ಜೋಡಿಸುವ ಶೈಲಿ ಕಲಿತರು ಎಂದು ನಮ್ಮ ನೋಟ್ಸ್‌ನಲ್ಲಿದೆ. ಪರೀಕ್ಷೆಯಲ್ಲಿ ಹಾಗೇ ಬರೆಯಬಹುದೇ ಸರ್?
— ಎಂ.ಎ. ವಿದ್ಯಾರ್ಥಿನಿ, ತುಮಕೂರು

ಹಾಗೆ ಬರೆದರೆ ಅರ್ಧ ಮಾತ್ರ ಸರಿಯಾಗುತ್ತದೆ. ಇಸವಿಗಳನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಲಂಡನ್ನಿನ ಗುಂಪಿನಲ್ಲಿ ಒಬ್ಬ ಅಪರಿಚಿತ ಮುದುಕನನ್ನು ರಾತ್ರಿಯಿಡೀ ಹಿಂಬಾಲಿಸುವ ಎಡ್ಗರ್ ಅಲನ್ ಪೋ ಕಥೆ ಬಂದದ್ದು 1840ರಲ್ಲಿ. ಫ್ರೆಂಚ್ ಕವಿ ಬೋದಿಲೇರನ ಕವನ ಸಂಕಲನ 1857ರದು. ಪ್ಯಾರಿಸ್ಸಿನ ದೃಶ್ಯಗಳ ಭಾಗ ಅದಕ್ಕೆ ಸೇರಿದ್ದು 1861ರ ಎರಡನೇ ಆವೃತ್ತಿಯಲ್ಲಿ. ಓಸ್ಮಾನ್ ಎಂಬ ಅಧಿಕಾರಿ ಹಳೇ ಪ್ಯಾರಿಸ್ಸಿನ ಕೇರಿಗಳನ್ನು ಕೆಡವಿ ಅಗಲ ರಸ್ತೆ ಎಳೆಯುತ್ತಿದ್ದ ಕಾಲ ಅದು (1853ರಿಂದ 1870). ಫ್ರಾನ್ಸಿನ ಲೂಮಿಯೇರ್ ಸಹೋದರರು ಮೊದಲ ಬಾರಿ ಟಿಕೆಟ್ ಇಟ್ಟು ಚಲನಚಿತ್ರ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಬೀದಿಯಲ್ಲಿ ಒಬ್ಬಳು ಕಣ್ಣಿಗೆ ಬಿದ್ದು ಮರುಕ್ಷಣ ಗುಂಪಿನಲ್ಲಿ ಕಳೆದುಹೋಗುವ ಆ ನೋಟವನ್ನು ಸಿನಿಮಾ ಕ್ಯಾಮೆರಾ ಹುಟ್ಟುವ ಮೊದಲೇ ಕವಿತೆ ಹಿಡಿದಿತ್ತು.

ಹಾಗಾದರೆ ಸಾಹಿತ್ಯ, ಸಿನಿಮಾ ಎರಡಕ್ಕೂ ಮೂಲ ಯಾವುದು? ಟ್ರಾಮು, ದಿನಪತ್ರಿಕೆ, ವಿದ್ಯುತ್ ದೀಪ, ಎಲ್ಲಕ್ಕಿಂತ ಹೆಚ್ಚಾಗಿ ಗಡಿಯಾರ. ಜರ್ಮನ್ ಸಮಾಜಶಾಸ್ತ್ರಜ್ಞ ಗಿಯೋರ್ಗ್ ಸಿಮ್ಮೆಲ್ 1903ರ ಪ್ರಬಂಧದಲ್ಲಿ ಇದನ್ನು ನೇರವಾಗಿ ಹೇಳಿದ್ದಾನೆ: ಬರ್ಲಿನ್ನಿನ ಗಡಿಯಾರಗಳೆಲ್ಲ ಒಂದೊಂದು ಕಡೆ ತಪ್ಪಿದರೆ, ಒಂದೇ ಗಂಟೆಯ ಮಟ್ಟಿಗಾದರೂ ಸರಿ, ಊರಿನ ವ್ಯವಹಾರವೆಲ್ಲ ಬಹುಕಾಲ ಅಸ್ತವ್ಯಸ್ತವಾಗುತ್ತದೆ. ನಮ್ಮಲ್ಲಿ ಭಾರತೀಯ ನಿರ್ದಿಷ್ಟ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಿಂದ. ಪರಸ್ಪರ ಗುರುತಿಲ್ಲದ ಲಕ್ಷ ಜನ ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಜಾಗದಲ್ಲಿ ಬೇರೆ ಬೇರೆ ಕೆಲಸ ಮಾಡುತ್ತಿರುವುದನ್ನು ಒಬ್ಬ ನಾಯಕನ ಹಿಂದೆ ಸಾಗುವ ಕಥೆ ಹೇಳಲಾರದು. ಕಾದಂಬರಿಕಾರ ಮತ್ತು ಚಿತ್ರಸಂಕಲನಕಾರ ಇಬ್ಬರಿಗೂ ಎದುರಾದ ತೊಡಕು ಇದೇ.

ಉಳಿದರ್ಧ, ಅಂದರೆ ಸಿನಿಮಾದಿಂದ ನಿಜವಾಗಿ ಬಂದದ್ದು: ಜರ್ಮನ್ ಕಾದಂಬರಿಕಾರ ಆಲ್ಫ್ರೆಡ್ ಡ್ಯೋಬ್ಲಿನ್ 1913ರಲ್ಲೇ ಕಾದಂಬರಿಗೆ ಸಿನಿಮಾ ಶೈಲಿ ಬೇಕೆಂದು ವಾದಿಸಿದ. 1929ರ 'ಬರ್ಲಿನ್ ಅಲೆಕ್ಸಾಂಡರ್‌ಪ್ಲಾಟ್ಸ್' ಕಾದಂಬರಿಯ ಹಸ್ತಪ್ರತಿಗೆ ಪತ್ರಿಕೆಯ ತುಣುಕುಗಳನ್ನು ಕತ್ತರಿಸಿ ಅಂಟಿಸಿದ. ಜಾಯ್ಸ್ 1909ರ ಡಿಸೆಂಬರ್‌ನಲ್ಲಿ ಡಬ್ಲಿನ್ ನಗರದಲ್ಲಿ ವೋಲ್ಟಾ ಎಂಬ ಚಿತ್ರಮಂದಿರ ತೆರೆಯಲು ಮುಂದಾಳಾಗಿ ನಿಂತಿದ್ದ. ವುಲ್ಫ್ 1926ರಲ್ಲಿ ಸಿನಿಮಾ ಬಗ್ಗೆಯೇ ಪ್ರಬಂಧ ಬರೆದಳು. ಕಾದಂಬರಿಗಳನ್ನು ಹಾಗೆ ಹಾಗೇ ಚಿತ್ರಕ್ಕೆ ಇಳಿಸುವುದರ ಬಗ್ಗೆ ಅದರಲ್ಲಿ ಕಟುವಾದ ಮಾತಿದೆ. ಈ ಮೂವರನ್ನೂ ಹೆಸರಿಸಿ, 'ಪ್ರಭಾವ' ಎಂಬ ಒಂದೇ ಪದಕ್ಕೆ ನಿಲ್ಲದೆ ಕಾರಣವನ್ನೂ ಬರೆಯಿರಿ.

ಹಳೆಯ ಮೂಕಿಚಿತ್ರಗಳಲ್ಲಿ ಜನ ಕುಪ್ಪಳಿಸಿ ಓಡಾಡುವುದು ಏಕೆ? ಅದನ್ನು ಸರಿಪಡಿಸಿ ಮಕ್ಕಳಿಗೆ ತೋರಿಸಬಹುದೇ?
— ನಿವೃತ್ತ ಉಪಾಧ್ಯಾಯರು, ಗುಬ್ಬಿ

ಆಗಿನ ಕ್ಯಾಮೆರಾ ಕೈಯಿಂದ ತಿರುಗಿಸುವಂಥದ್ದು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ 8 ಚೌಕಟ್ಟು, ಅಂದರೆ ಫ್ರೇಮು, ಸರಿಯುತ್ತಿತ್ತು. ಸಾಮಾನ್ಯವಾಗಿ ಸೆಕೆಂಡಿಗೆ ಎರಡು ಸುತ್ತು, 16 ಫ್ರೇಮು; ಕೈ ಚುರುಕಾದರೆ 18, 20. ಧ್ವನಿ ಬಂದ ಮೇಲೆ ವೇಗ 24ಕ್ಕೆ ಗಟ್ಟಿಯಾಯಿತು, ಏಕೆಂದರೆ ವೇಗ ಸ್ವಲ್ಪ ಏರುಪೇರಾದರೂ ಮಾತಿನ ಸ್ಥಾಯಿ ಕೆಡುತ್ತದೆ. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲವೂ ಒಂದೂವರೆ ಪಟ್ಟು ಬೇಗ. ತಪ್ಪು ಹಳಬರದಲ್ಲ, ನಾವು ಓಡಿಸುವ ವೇಗದ್ದು.

ಸರಿಪಡಿಸುವುದು ಸುಲಭ. ವಿಎಲ್‌ಸಿಯಂಥ ಪ್ಲೇಯರ್‌ನಲ್ಲಿ ವೇಗವನ್ನು 0.67ಕ್ಕೆ ಇಳಿಸಿದರೆ 24 ಇದ್ದದ್ದು 16 ಆಗುತ್ತದೆ. 0.75ಕ್ಕೆ ಇಳಿಸಿದರೆ 18. ಆದರೆ ಮೊದಲು ಪರೀಕ್ಷಿಸಿ, ಏಕೆಂದರೆ ಇತ್ತೀಚಿನ ಡಿಜಿಟಲ್ ಪ್ರತಿಗಳನ್ನು ಬಹುಪಾಲು ಸರಿಪಡಿಸಿಯೇ ಬಿಡುಗಡೆ ಮಾಡಿರುತ್ತಾರೆ. ಬೀದಿಯಲ್ಲಿ ಸಹಜವಾಗಿ ನಡೆಯುವ ಒಬ್ಬರ ಹೆಜ್ಜೆಗಳನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 100ರಿಂದ 120 ಬಂದರೆ ವೇಗ ಸರಿಯಿದೆ, 160 ದಾಟಿದರೆ ಇಳಿಸಿ. ಸೋವಿಯತ್ ನಿರ್ದೇಶಕ ಜೀಗ ವೆರ್ತೋವ್‌ನ 1929ರ 'ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ' ಚಿತ್ರದಲ್ಲಿ ಉದ್ದೇಶಪೂರ್ವಕವಾಗಿ ವೇಗ ಹೆಚ್ಚಿಸಿದ, ತಗ್ಗಿಸಿದ, ಪೂರ್ತಿ ನಿಲ್ಲಿಸಿದ ಭಾಗಗಳಿವೆ. ಅಂಥ ಕಡೆ ಎಣಿಸಬೇಡಿ. 18ರ ಚಿತ್ರವನ್ನು 24ಕ್ಕೆ ಹೊಂದಿಸಲು ಪ್ರತಿ ಮೂರನೇ ಫ್ರೇಮನ್ನು ಎರಡು ಸಲ ಸೇರಿಸಿದ ಪ್ರತಿಗಳೂ ಇವೆ. ಅವುಗಳಲ್ಲಿ ವೇಗ ಸರಿ ಇದ್ದರೂ ನಡಿಗೆ ತಡೆತಡೆದು ಬರುತ್ತದೆ. ಅದನ್ನು ಪ್ಲೇಯರ್‌ನಲ್ಲಿ ಸರಿಪಡಿಸಲಾಗದು, ಬೇರೆ ಪ್ರತಿ ಹುಡುಕಬೇಕು.

ಒಂದೇ ಚಿತ್ರದ ಅವಧಿ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇರುವುದಕ್ಕೂ ಇದೂ ಒಂದು ಕಾರಣ. ನಿರ್ದೇಶಕ ಫ್ರಿಟ್ಜ್ ಲಾಂಗ್‌ನ 'ಮೆಟ್ರೊಪೊಲಿಸ್' 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡಾಗ ಅದರ ಉದ್ದ 4,189 ಮೀಟರ್. 35 ಎಂಎಂ ಫಿಲ್ಮಿನಲ್ಲಿ ಅಡಿಗೆ 16 ಫ್ರೇಮು. 24ರ ವೇಗಕ್ಕೆ ಲೆಕ್ಕ ಹಾಕಿದರೆ 153 ನಿಮಿಷ, 20ರ ವೇಗಕ್ಕೆ 183 ನಿಮಿಷ.

ನಾವು ಆರು ಜನ ಪತ್ರಿಕೋದ್ಯಮದ ವಿದ್ಯಾರ್ಥಿಗಳು. ಬರ್ಲಿನ್ ಚಿತ್ರದ ಹಾಗೆ ತುಮಕೂರಿನ ಒಂದು ದಿನವನ್ನು ಎಂಟು ನಿಮಿಷದ ಚಿತ್ರ ಮಾಡಬೇಕೆಂದಿದ್ದೇವೆ. ಇರುವುದು ಮೊಬೈಲು ಮಾತ್ರ. ಎಲ್ಲಿಂದ ಶುರು ಮಾಡಬೇಕು?
— ವಿದ್ಯಾರ್ಥಿ ತಂಡ, ತುಮಕೂರು

ಮೊಬೈಲು ಸಾಕು. ಶುರುವಾಗಬೇಕಾದ್ದು ಕಾಗದದ ಮೇಲೆ.

ಮೊದಲು ಎರಡು ಚಿತ್ರಗಳನ್ನು ಲೆಕ್ಕ ಹಾಕುತ್ತಾ ನೋಡಿ. ಜರ್ಮನ್ ನಿರ್ದೇಶಕ ವಾಲ್ಟರ್ ರುಟ್‌ಮನ್‌ನ ಬರ್ಲಿನ್ ಚಿತ್ರ ('ಬರ್ಲಿನ್: ಸಿಂಫನಿ ಆಫ್ ಎ ಗ್ರೇಟ್ ಸಿಟಿ') 1927ರ ಸೆಪ್ಟೆಂಬರ್‌ನಲ್ಲಿ ಬಂದದ್ದು, ಒಂದು ಗಂಟೆ ಐದು ನಿಮಿಷದಷ್ಟು, ಐದು ಅಂಕ. ಬೆಳಗಿನ ಜಾವ ರೈಲು ಊರೊಳಗೆ ನುಗ್ಗುತ್ತದೆ, ಗಡಿಯಾರ ಐದು ತೋರಿಸುತ್ತದೆ, ಬೀದಿ ಖಾಲಿ. ಅಲ್ಲಿಂದ ನಡುರಾತ್ರಿಯವರೆಗೆ. ಜೀಗ ವೆರ್ತೋವ್‌ನ ಚಿತ್ರ ಮಾಸ್ಕೋ, ಕೀವ್, ಒಡೆಸಾ ಮೊದಲಾದ ಊರುಗಳಲ್ಲಿ ತೆಗೆದ ತುಣುಕುಗಳನ್ನು ಒಂದೇ ಊರು ಎಂಬಂತೆ ಹೊಲಿದದ್ದು. ಕ್ಯಾಮೆರಾ ಅವನ ತಮ್ಮ ಮಿಖಾಯಿಲ್ ಕೌಫ್‌ಮನ್‌ದು, ಸಂಕಲನ ಹೆಂಡತಿ ಎಲಿಜವೆತಾ ಸ್ವಿಲೋವಾಳದು. ಅವಳು ಮೇಜಿನ ಮುಂದೆ ಕೂತು ಫಿಲ್ಮು ಕತ್ತರಿಸುವುದೂ ಚಿತ್ರದೊಳಗೇ ಬರುತ್ತದೆ. ಪ್ರತಿ ಚಿತ್ರದಿಂದ ಯಾವುದಾದರೂ ಐದು ನಿಮಿಷ ಆರಿಸಿ, ಶಾಟ್ ಬದಲಾದಾಗಲೆಲ್ಲ ಒಂದು ಗೀಟು ಎಳೆಯಿರಿ. ವೆರ್ತೋವ್‌ನಲ್ಲಿ ಶಾಟ್‌ನ ಸರಾಸರಿ ಎರಡೂವರೆ ಸೆಕೆಂಡಿಗೂ ಕಡಿಮೆ. ಅದು ನಿಮಗೆ ಬೇಡ. ಅಷ್ಟು ಚುರುಕಾಗಿ ಕತ್ತರಿಸಲು ಬೇಕಾಗುವಷ್ಟು ಸಾಮಗ್ರಿ ಆರು ಜನರಿಂದ ಒಟ್ಟಾಗುವುದು ಕಷ್ಟ.

ನಾಲ್ಕು ಸೆಕೆಂಡಿನ ಸರಾಸರಿ ಇಟ್ಟುಕೊಂಡರೆ ಎಂಟು ನಿಮಿಷಕ್ಕೆ 120 ಶಾಟ್ ಬೇಕು. ಬಳಸುವ ಒಂದೊಂದಕ್ಕೆ ಮೂರರಂತೆ ತೆಗೆದರೆ 360. ಒಂದೊಂದೂ ಹತ್ತು ಸೆಕೆಂಡು ಇರಲಿ, ಏಕೆಂದರೆ ಗುಂಡಿ ಒತ್ತುವಾಗಿನ ಮತ್ತು ನಿಲ್ಲಿಸುವಾಗಿನ ಎರಡೆರಡು ಸೆಕೆಂಡು ಅಲುಗಿ ಹಾಳಾಗುತ್ತದೆ. ಒಟ್ಟು ಒಂದು ಗಂಟೆ. ಫುಲ್ ಎಚ್‌ಡಿಯಲ್ಲಿ ನಿಮಿಷಕ್ಕೆ 100ರಿಂದ 150 ಎಂಬಿ ಹಿಡಿದರೆ 6ರಿಂದ 9 ಜಿಬಿ. ಇದಕ್ಕಿಂತ ಹೆಚ್ಚು ತೆಗೆದರೆ ಕೂತು ನೋಡಲು ಯಾರಿಗೂ ತಾಳ್ಮೆ ಇರುವುದಿಲ್ಲ, ಸಂಕಲನ ಅರ್ಧಕ್ಕೇ ನಿಲ್ಲುತ್ತದೆ. ಇಂಥ ಚಿತ್ರಗಳು ಕೈಬಿಟ್ಟುಹೋಗುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಈಗ ಊರಿನ ವೇಳಾಪಟ್ಟಿ. ಒಂದು ದೊಡ್ಡ ಹಾಳೆಯಲ್ಲಿ ಎಡಕ್ಕೆ ಬೆಳಗಿನ 4ರಿಂದ ರಾತ್ರಿ 11ರವರೆಗೆ ಗಂಟೆಗಳನ್ನೂ ಮೇಲೆ ಜಾಗಗಳನ್ನೂ ಬರೆಯಿರಿ. ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ಸರಕು ಇಳಿಯುವ ಹೊತ್ತು, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲು, ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿಯ ಒಂದೊಂದೇ ತಟ್ಟೆ ಕೆಳಗಿಳಿಯುವುದು, ಬಿ.ಎಚ್. ರಸ್ತೆಯ ಕಾಲೇಜು ಬಸ್ಸುಗಳು, ವಸಂತನರಸಾಪುರದಲ್ಲಿ ಪಾಳಿ ಬದಲಾಗುವುದು, ಸಂಜೆ ಎಂ.ಜಿ. ರಸ್ತೆ, ರಾತ್ರಿ ಟೌನ್‌ಹಾಲ್ ಸರ್ಕಲ್. ಹಾಳೆಯ ಯಾವ ಯಾವ ಮನೆಗಳು (ಚೌಕಗಳು) ಒಂದೇ ಗಂಟೆಯ ಸಾಲಿನಲ್ಲಿ ತುಂಬುತ್ತವೋ ಅವೇ ನಿಮ್ಮ ಚಿತ್ರ. ಬೆಳಗ್ಗೆ 6ಕ್ಕೆ ಮಾರುಕಟ್ಟೆಯಲ್ಲಿ ಕೆಲಸ ಮುಗಿಯುತ್ತಾ ಬಂದಿದ್ದರೆ ಎಂ.ಜಿ. ರಸ್ತೆಯ ಅಂಗಡಿಗಳ ಷಟರ್ ಇನ್ನೂ ಎತ್ತಿರುವುದಿಲ್ಲ. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ನೋಡುವವರಿಗೆ ಊರು ಅರ್ಥವಾಗಲು ತೊಡಗುತ್ತದೆ. ದೇವರಾಯನದುರ್ಗದ ಸೂರ್ಯೋದಯ ಎಷ್ಟೇ ಚೆನ್ನಾಗಿದ್ದರೂ ಪಟ್ಟಿಯಲ್ಲಿ ಅದಕ್ಕೆ ಮನೆ ಇಲ್ಲದಿದ್ದರೆ ಬಿಡಿ. ಅಂಥ ಶಾಟ್‌ಗಳು ಸೇರಿದಷ್ಟೂ ಚಿತ್ರ ಪ್ರವಾಸೋದ್ಯಮದ ಜಾಹೀರಾತಾಗುತ್ತದೆ.

ತೆಗೆಯುವಾಗ ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ. ಅರ್ಧ ಕಿಲೋ ರಾಗಿ ತುಂಬಿ ಬಾಯಿ ಹೊಲಿದ ಬಟ್ಟೆ ಚೀಲವನ್ನು ಕಟ್ಟೆಯ ಮೇಲೋ ಬೈಕಿನ ಸೀಟಿನ ಮೇಲೋ ಇಟ್ಟು ಅದರಲ್ಲಿ ಮೊಬೈಲನ್ನು ಒತ್ತಿ ಕೂರಿಸಿ. ಫ್ರೇಮ್ ವೇಗ 25, ಕ್ಯಾಮೆರಾದ ಷಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಅವಧಿ) 1/50 ಸೆಕೆಂಡು. ಇದಕ್ಕೆ ಕಾರಣವಿದೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಬೀದಿಯ ಮತ್ತು ಅಂಗಡಿಯ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಷಟರ್ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಹರಿಯುತ್ತವೆ. 30 ಫ್ರೇಮಿನ ಆಟೋ ಸೆಟ್ಟಿಂಗಿನಲ್ಲಿ ಷಟರ್ 1/60ಕ್ಕೆ ಬಂದಾಗ ಆಗುವುದು ಇದೇ. ಬಸ್ಸಿನ ಎಲ್‌ಇಡಿ ಬೋರ್ಡಿನ ಮಿಡಿತ ಬೇರೆ. ಅಲ್ಲಿ ಅಕ್ಷರ ಅರ್ಧರ್ಧ ಕಾಣಿಸಿದರೆ ಷಟರನ್ನು 1/25ಕ್ಕೆ ಇಳಿಸಿ. ಬೆಳಕು ಮತ್ತು ಬಣ್ಣದ ಆಟೋ ಹೊಂದಾಣಿಕೆಯನ್ನು ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಬಸ್ಸೊಂದು ಅಡ್ಡ ಹೋದಾಗ ಇಡೀ ಬೀದಿ ಕಪ್ಪಾಗಿ ಮತ್ತೆ ಬೆಳ್ಳಗಾಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ 1/50 ಇಟ್ಟರೆ ಚಿತ್ರ ಸುಟ್ಟಂತೆ ಬಿಳಿಯಾಗುತ್ತದೆ. ಆಗ ನೆರಳಿನ ಬದಿಗೆ ಸರಿಯಿರಿ, ಇಲ್ಲವೇ ಷಟರನ್ನು ಏರಿಸಿ. ಹಗಲು ಬೆಳಕಿನಲ್ಲಿ ಪಟ್ಟೆಯ ಭಯವಿಲ್ಲ.

ಪ್ರತಿ ಶಾಟ್‌ಗೂ ಐದು ವಿಷಯ ಬರೆದಿಡಿ: ಗಂಟೆ, ಜಾಗ, ಯಾವುದು ಚಲಿಸುತ್ತದೆ, ಯಾವ ಕಡೆಗೆ, ಹತ್ತಿರದ್ದೋ ದೂರದ್ದೋ. ಸಂಕಲನಕ್ಕೆ ಅತ್ಯಂತ ಬೇಕಾದದ್ದು ನಾಲ್ಕನೆಯದು. ಎಡದಿಂದ ಬಲಕ್ಕೆ ಹೋಗುವ ತಳ್ಳುಗಾಡಿಯ ನಂತರ ಎಡದಿಂದ ಬಲಕ್ಕೇ ಹೋಗುವ ರೈಲು ಬಂದರೆ ಕಣ್ಣು ತಡೆಯಿಲ್ಲದೆ ಸಾಗುತ್ತದೆ. ಎದುರು ದಿಕ್ಕಿನದು ಬಂದರೆ ಡಿಕ್ಕಿಯ ಅನುಭವವಾಗುತ್ತದೆ. ಎರಡೂ ಬೇಕು, ಆದರೆ ಯಾವುದನ್ನು ಎಲ್ಲಿ ಇಡುತ್ತೀರಿ ಎಂಬುದು ನಿಮ್ಮ ತೀರ್ಮಾನವಾಗಿರಬೇಕು. ಚಲನೆ ಮುಗಿದ ಮೇಲೆ ಕತ್ತರಿಸಬೇಡಿ, ನಡೆಯುತ್ತಿರುವಾಗಲೇ ಕತ್ತರಿಸಿ. ಷಟರ್ ಎತ್ತುವ ಕೈ ಅರ್ಧಕ್ಕೆ ಬಂದಾಗ ಇನ್ನೊಂದು ಅಂಗಡಿಯ ಷಟರ್ ಉಳಿದರ್ಧ ಏರಲಿ.

ಇನ್ನೊಂದು ಎಚ್ಚರಿಕೆ, ಇದನ್ನು ಮನಸ್ಸಿನಲ್ಲಿಡಿ. ರುಟ್‌ಮನ್ ಕೆಲಸಕ್ಕೆ ಹೊರಟ ಜನರ ಕಾಲುಗಳನ್ನು ತೋರಿಸಿ, ದನಗಳ ಹಿಂಡು, ಸೈನಿಕರ ಸಾಲುಗಳ ಜೊತೆ ಜೋಡಿಸುತ್ತಾನೆ. ಆಕಾರ ಹೊಂದುತ್ತದೆ, ಲಯವೂ ಹೊಂದುತ್ತದೆ. ಆದರೆ ಆ ಜನ ಯಾರು, ಏಕೆ ಹಾಗೆ ನಡೆಯುತ್ತಿದ್ದಾರೆ ಎಂಬುದು ಅಲ್ಲಿ ಇಲ್ಲ. ವಿಮರ್ಶಕ ಸೀಗ್‌ಫ್ರೀಡ್ ಕ್ರಾಕವರ್ ಈ ಚಿತ್ರವನ್ನು ಬಲವಾಗಿ ಟೀಕಿಸಿದ್ದು ಇದಕ್ಕೇ. ಚಿತ್ರದ ಮೂಲ ಕಲ್ಪನೆ ಕೊಟ್ಟ ಕಾರ್ಲ್ ಮೇಯರ್ ಕೂಡ ಅದು ಮೇಲ್ಪದರದಲ್ಲೇ ಉಳಿಯಿತೆಂದು ದೂರ ಸರಿದ. ನೀವು ಸಂತೆಯ ಕುರಿಮಂದೆಯ ಪಕ್ಕದಲ್ಲಿ ಬಸ್ ಸ್ಟ್ಯಾಂಡಿನ ಜನರನ್ನು ಇಟ್ಟರೆ ತೆರೆಯ ಮೇಲೆ ಚೆಂದ ಕಂಡೀತು, ಆದರೆ ಆ ಬಸ್ಸಿಗೆ ಕಾಯುವವರಿಗೆ ಅದು ಅವಮಾನ. ಹೋಲಿಕೆ ಹೊಳೆದಾಗಲೆಲ್ಲ, ಚಿತ್ರದಲ್ಲಿರುವವರು ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದಾರೆ ಎಂದುಕೊಂಡು ತೀರ್ಮಾನಿಸಿ.

ರೈಲು ನಿಲ್ದಾಣದ ಆವರಣದಲ್ಲಿ ತೆಗೆಯಲು ರೈಲ್ವೆಯ ಅನುಮತಿ ಬೇಕು. ತುಮಕೂರು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ನಿಮ್ಮ ಪತ್ರಿಕೋದ್ಯಮ ವಿಭಾಗದ ಮುಖ್ಯಸ್ಥರ ಸಹಿ ಇರುವ ಕಾಲೇಜು ಪತ್ರದಲ್ಲಿ ದಿನ, ವೇಳೆ, ಜನರ ಸಂಖ್ಯೆ ಬರೆದು ಮುಂಚಿತವಾಗಿ ಕೊಡಿ. ಮುಖ ಹತ್ತಿರದಿಂದ ಕಾಣುವ ಪ್ರತಿಯೊಬ್ಬರನ್ನೂ ಕೇಳಿ. ತೆಗೆದ ಮೇಲೆ ಕೇಳಿದರೂ ನಡೆಯುತ್ತದೆ, ಆದರೆ ಬೇಡವೆಂದರೆ ಅಳಿಸಿಬಿಡಿ. ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮನನ್ನು ಕೇಳದೆ ತೆಗೆಯಲೇಬೇಡಿ.

ಕೆಜಿಎಫ್‌ಗೆ ಬೆಂಗಳೂರಿಗಿಂತ ಮೊದಲೇ ಕರೆಂಟು ಬಂತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹಾಗಿದ್ದರೂ ಆ ಕಾಲದ ದೀಪದ ರಾತ್ರಿಗಳು ಚಲನಚಿತ್ರಗಳಲ್ಲಿ ಏಕೆ ಕಾಣುವುದಿಲ್ಲ?
— ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಹಿರಿಯರು ಹೇಳಿದ್ದು ನಿಜ. ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ತಂತಿ ಎಳೆದು ಚಿನ್ನದ ಗಣಿಗೆ ವಿದ್ಯುತ್ ತಂದದ್ದು 1902ರಲ್ಲಿ. ಬೆಂಗಳೂರಿನ ಬೀದಿದೀಪ 1905ರಲ್ಲಿ. ಅಗತ್ಯವಿದ್ದದ್ದು ಗಣಿಯ ಯಂತ್ರಗಳಿಗೆ, ಅದಕ್ಕೇ ಅಲ್ಲಿಗೆ ಮೊದಲು ಬಂತು.

ರಾತ್ರಿ ಕಾಣದಿರುವುದಕ್ಕೆ ಕಾರಣ ಫಿಲ್ಮಿನ ರಾಸಾಯನಿಕ. ಆಗಿನ ಸಾಮಾನ್ಯ ಫಿಲ್ಮು ನೀಲಿ, ಹಸಿರಿಗೆ ಸ್ಪಂದಿಸುತ್ತಿತ್ತೇ ಹೊರತು ಕೆಂಪಿಗೆ ಕುರುಡು. ಬಲ್ಬಿನ ಬೆಳಕಿನಲ್ಲಿ ಹೆಚ್ಚಿರುವುದು ಕೆಂಪು, ಹಳದಿ. ಹೀಗಾಗಿ ನಮ್ಮ ಕಣ್ಣಿಗೆ ಜಗಮಗಿಸುವ ಬೀದಿ ಫಿಲ್ಮಿನ ಮೇಲೆ ಬರೀ ಕತ್ತಲೆ. ಕೆಂಪು ತುಟಿ ಆ ಚಿತ್ರಗಳಲ್ಲಿ ಕಪ್ಪಾಗಿ ಕಾಣುವುದೂ ಇದರಿಂದಲೇ. ಹೀಗಾಗಿ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆದು ಪ್ರತಿಯನ್ನು ನೀಲಿ ಬಣ್ಣದಲ್ಲಿ ಅದ್ದುವ ರೂಢಿ ಬೆಳೆಯಿತು. ನೀಲಿ ಎಂದರೆ ರಾತ್ರಿ ಎಂದು ಪ್ರೇಕ್ಷಕರಿಗೆ ಗೊತ್ತಿತ್ತು. ನಿಜವಾದ ರಾತ್ರಿಯನ್ನು ಹಿಡಿದವರೂ ಇದ್ದಾರೆ. ಎಡ್ವಿನ್ ಪೋರ್ಟರ್ 1905ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡ್ ಮೋಜಿನ ಕೇಂದ್ರದ ದೀಪಗಳನ್ನು ತೆಗೆದ. ಅಲ್ಲಿ ಕಾಣುವುದು ಬಲ್ಬುಗಳ ಚುಕ್ಕಿಸಾಲು ಮಾತ್ರ, ಜನರಿಲ್ಲ. ದೀಪ ಫಿಲ್ಮಿನ ಮೇಲೆ ಮೂಡಿತು, ದೀಪ ಬೆಳಗಿದ ಮುಖ ಮೂಡಲಿಲ್ಲ. ಕೆಂಪಿಗೂ ಸ್ಪಂದಿಸುವ ಫಿಲ್ಮಿನ ಬಳಕೆ ಹೆಚ್ಚಾದದ್ದು 1920ರ ದಶಕದ ನಡುವಿನಿಂದ. ರುಟ್‌ಮನ್‌ನ ಬರ್ಲಿನ್ ಚಿತ್ರಕ್ಕೆ ಛಾಯಾಗ್ರಾಹಕ ಕಾರ್ಲ್ ಫ್ರೊಯಂಡ್ ಫಿಲ್ಮನ್ನು ವಿಶೇಷ ಸಂಸ್ಕರಣೆಗೆ ಒಳಪಡಿಸಿ ಅದರ ಸೂಕ್ಷ್ಮತೆ ಹೆಚ್ಚಿಸಿಕೊಂಡ. ಆ ಚಿತ್ರದ ಐದನೇ ಅಂಕದ ಒದ್ದೆ ರಸ್ತೆ, ಜಾಹೀರಾತು ದೀಪಗಳನ್ನು ನೋಡುವಾಗ ಈ ಶ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

'ಮೆಟ್ರೊಪೊಲಿಸ್' ಚಿತ್ರದಲ್ಲಿ ಕನ್ನಡಿ ಬಳಸಿ ದೊಡ್ಡ ಕಟ್ಟಡಗಳನ್ನು ಸೃಷ್ಟಿಸಿದರು ಎಂದು ಬರೆದಿದ್ದಿರಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಬೆಳಕಿನ ಪಾಠದ ಜೊತೆ ಇದನ್ನು ಮಾಡಿ ತೋರಿಸಲು ಆಗುತ್ತದೆಯೇ?
— ವಿಜ್ಞಾನ ಶಿಕ್ಷಕಿ, ಚಿಕ್ಕಬಳ್ಳಾಪುರ

ಖಂಡಿತ ಆಗುತ್ತದೆ ಮೇಡಂ. ಆಯ್ಗೆನ್ ಶುಫ್ಟಾನ್ ರೂಪಿಸಿದ ಈ ವಿಧಾನದ ತಿರುಳು ಇಷ್ಟು: ಕ್ಯಾಮೆರಾದ ಮುಂದೆ ಕನ್ನಡಿಯನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಲ್ಲಿಟ್ಟ ಪುಟ್ಟ ಮಾದರಿಯ ಬಿಂಬ ಅದರಲ್ಲಿ ಬೀಳುವಂತೆ ಮಾಡುವುದು. ಜನ ಕಾಣಬೇಕಾದ ಜಾಗದಲ್ಲಿ ಕನ್ನಡಿಯ ಬೆಳ್ಳಿ ಲೇಪ ಕೆರೆದು ತೆಗೆದರೆ ಅಲ್ಲಿ ಬರೀ ಗಾಜು ಉಳಿಯುತ್ತದೆ, ಹಿಂದೆ ದೂರದಲ್ಲಿ ನಿಂತ ನಿಜವಾದ ಜನ ಅದರ ಮೂಲಕ ಕಾಣುತ್ತಾರೆ. ಶ್ರೀಮಂತ ಯುವಕರ ಕ್ರೀಡಾಂಗಣದ ದೃಶ್ಯ ಹೀಗೆ ತೆಗೆದದ್ದು. ಗೋಪುರಗಳ ನಡುವೆ ಕಾರುಗಳು ಹರಿಯುವ ದೃಶ್ಯ ಮಾತ್ರ ಬೇರೆ ತಂತ್ರ: ಪುಟ್ಟ ಕಾರುಗಳನ್ನು ಕೈಯಿಂದ ಒಂದಿಷ್ಟೇ ಸರಿಸಿ, ಒಂದು ಫ್ರೇಮು ತೆಗೆದು, ಮತ್ತೆ ಸರಿಸಿದ್ದು.

ಬೇಕಾದ್ದು: 2ರಿಂದ 3 ಮಿ.ಮೀ. ದಪ್ಪದ, ಒಂದೂವರೆ ಅಡಿ ಚದರದ ಕನ್ನಡಿ, ಮೊಬೈಲು, ಅದಕ್ಕೊಂದು ಸ್ಟ್ಯಾಂಡು, ರಟ್ಟು. ಮಾದರಿಯ ಅಳತೆ 1:10 ಇರಲಿ, ಅಂದರೆ ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 1.2 ಅಂಗುಲ. ಬಿಂಬದ ಲೆಕ್ಕ ಹೀಗೆ: ಹುಡುಗ 40 ಅಡಿ ದೂರ ನಿಂತರೆ ಮಾದರಿಗೆ ಬೆಳಕಿನ ದಾರಿ ಅದರ ಹತ್ತನೇ ಒಂದು ಭಾಗ, 4 ಅಡಿ. ಮೊಬೈಲಿನಿಂದ ಕನ್ನಡಿಗೆ 1 ಅಡಿ, ಕನ್ನಡಿಯಿಂದ ಮಾದರಿಗೆ 3 ಅಡಿ. ಜೂಮ್ 2 ಪಟ್ಟು ಇಡಿ. ಅಗಲ ನೋಟದ ಲೆನ್ಸಿನಲ್ಲಿ ಇದು ನಡೆಯುವುದಿಲ್ಲ, ಏಕೆಂದರೆ ಕನ್ನಡಿ ಓರೆಯಾಗಿರುವುದರಿಂದ ಅದರ ದೂರದ ಅಂಚು ಹಲವು ಅಡಿ ಉದ್ದ ಬೇಕಾಗುತ್ತದೆ. 2 ಪಟ್ಟು ಜೂಮಿನಲ್ಲಿ ಕಾಣುವಷ್ಟಕ್ಕೆ 3 ಅಡಿ ಅಗಲ, 2 ಅಡಿ ಎತ್ತರದ ಮಾದರಿ ಸಾಕು.

ಮೊದಲು ಎಲ್ಲವನ್ನೂ ಜೋಡಿಸಿ, ಮೊಬೈಲಿನ ಪರದೆ ನೋಡುತ್ತಾ ಒಬ್ಬರು ಹೇಳಲಿ, ಇನ್ನೊಬ್ಬರು ಹುಡುಗ ಕಾಣಬೇಕಾದ ಜಾಗವನ್ನು ಕನ್ನಡಿಯ ಮುಂಭಾಗದಲ್ಲಿ ಮಾರ್ಕರ್‌ನಿಂದ ಗುರುತಿಸಲಿ. ಕನ್ನಡಿ ತಿರುಗಿಸಿ, ಹಿಂಬದಿಯಲ್ಲಿ ಅಷ್ಟೇ ಜಾಗದ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಮೆದುವಾಗಿಸಿ, ಬ್ಲೇಡಿನಿಂದ ಬಣ್ಣ, ಬೆಳ್ಳಿ ಎರಡನ್ನೂ ಕೆರೆಯಿರಿ. ಈ ಕೆಲಸ ಮಕ್ಕಳ ಕೈಗೆ ಬೇಡ. ಕೈಗವಸು ಹಾಕಿ, ಕಿಟಕಿ ತೆರೆದಿಟ್ಟು ನೀವೇ ಮಾಡಿ. ಅಂಚನ್ನು ನೇರ ಗೆರೆಯಾಗಿ ಬಿಡುವ ಬದಲು ಮಾದರಿಯ ಗೋಡೆ ಅಥವಾ ಕಂಬದ ಗೆರೆಯ ಮೇಲೇ ಬರುವಂತೆ ಕೆರೆದರೆ ಕೂಡುಗೆರೆ ಅಡಗುತ್ತದೆ.

ಕೆಡುವ ಜಾಗಗಳು: ಮಾದರಿಯ ಅಂಗಡಿ ಬೋರ್ಡುಗಳು ಬಿಂಬದಲ್ಲಿ ಎಡಬಲ ತಿರುವಾಗುತ್ತವೆ, ಆದ್ದರಿಂದ ಅಕ್ಷರಗಳನ್ನು ತಿರುಗುಮುರುಗಾಗಿಯೇ ಬರೆಯಿಸಿ. ಮಕ್ಕಳಿಗೆ ಅತಿ ಇಷ್ಟವಾಗುವ ಭಾಗ ಅದು. ಮನೆಯ ಕನ್ನಡಿಯಲ್ಲಿ ಲೇಪ ಹಿಂದಿರುವುದರಿಂದ ಗಾಜಿನ ಮುಂಭಾಗದಿಂದಲೂ ಮಸುಕಾದ ಎರಡನೇ ಬಿಂಬ ಬರುತ್ತದೆ. ಗಾಜು ತೆಳ್ಳಗಿದ್ದಷ್ಟೂ ಅದು ಕಡಿಮೆ. ಹುಡುಗ ಬಿಸಿಲಿನಲ್ಲೂ ಮಾದರಿ ನೆರಳಿನಲ್ಲೂ ಇದ್ದರೆ ಎರಡೂ ಒಂದೇ ಲೋಕದಂತೆ ಕಾಣುವುದಿಲ್ಲ, ಎರಡಕ್ಕೂ ಒಂದೇ ಕಡೆಯಿಂದ ಬಿಸಿಲು ಬೀಳಲಿ. ಕನ್ನಡಿ ಎಡಬಲ ತಿರುಗಿಸುತ್ತದೆಂಬುದನ್ನು ಇಲ್ಲೂ ಮರೆಯಬೇಡಿ: ನೆರಳು ಯಾವ ಕಡೆ ಬೀಳುತ್ತದೆ ಎಂದು ಪರದೆಯ ಮೇಲೇ ನೋಡಿ ಮಾದರಿಯನ್ನು ತಿರುಗಿಸಿ. ಫೋಕಸನ್ನು ಸುಮಾರು 8ರಿಂದ 10 ಅಡಿಯ ವಸ್ತುವಿಗೆ ಲಾಕ್ ಮಾಡಿದರೆ 4 ಅಡಿಯದೂ 40 ಅಡಿಯದೂ ಸಾಕಷ್ಟು ಸ್ಪಷ್ಟವಾಗಿ ಬರುತ್ತವೆ. ಮೊಬೈಲಿನ ಚಿಕ್ಕ ಸೆನ್ಸರಿನಿಂದ ಆಗುವ ಲಾಭ ಅದು.

'ಮೆಟ್ರೊಪೊಲಿಸ್' ಕಲ್ಪನೆ ನ್ಯೂಯಾರ್ಕ್ ನೋಡಿ ಹುಟ್ಟಿತೇ ಎಂಬ ನಿಮ್ಮ ಪತ್ರದ ಕೊನೆಯ ಸಾಲಿಗೆ: ಈ ಚಿತ್ರದ ಕಲ್ಪನೆ ಲಾಂಗ್‌ಗೆ 1924ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ನೋಡಿದಾಗ ಹುಟ್ಟಿತೆಂಬುದು ಅವನೇ ಹರಡಿದ ಮಾತು. ಅವನ ಹೆಂಡತಿ, ಲೇಖಕಿ ಟೀಯಾ ಫಾನ್ ಹಾರ್ಬೌ ಅದಕ್ಕೂ ಮೊದಲೇ ಚಿತ್ರಕಥೆಯ ಕೆಲಸ ಶುರು ಮಾಡಿದ್ದಳು. ನ್ಯೂಯಾರ್ಕ್ ಕೊಟ್ಟದ್ದು ಕಟ್ಟಡಗಳ ರೂಪವನ್ನು.

ಜಾಯ್ಸ್ ಬರೆದ 'ಯುಲಿಸಿಸ್' ಕಾದಂಬರಿಯನ್ನು ಎರಡು ಸಲ ಹಿಡಿದು ಮೂರನೇ ಅಧ್ಯಾಯಕ್ಕೇ ಬಿಟ್ಟೆ. ಬೇರೆ ದಾರಿ ಇದೆಯೇ?
— ಬ್ಯಾಂಕ್ ಉದ್ಯೋಗಿ, ಮಧುಗಿರಿ

ಇದೆ. ಮೂರನೆಯದು ಕಠಿಣವಾದ ಅಧ್ಯಾಯಗಳಲ್ಲೊಂದು, ಅದನ್ನು ಸದ್ಯಕ್ಕೆ ಹಾರಿ. ನಾಲ್ಕನೆಯದರಿಂದ ಹಿಡಿಯಿರಿ: ಬೆಳಗ್ಗೆ ಎಂಟರ ಹೊತ್ತು, ಲಿಯೊಪೋಲ್ಡ್ ಬ್ಲೂಮ್ ಹೆಂಡತಿಗೆ ತಿಂಡಿ ಮಾಡುತ್ತಿದ್ದಾನೆ. ನಂತರ ಶವಯಾತ್ರೆಯ ಆರನೆಯದು, ಪತ್ರಿಕಾ ಕಚೇರಿಯ ಏಳನೆಯದು. ಏಳನೆಯದು ಟ್ರಾಮುಗಳಿಂದ ತೊಡಗುತ್ತದೆ, ನಡುನಡುವೆ ಪತ್ರಿಕೆಯ ಶೀರ್ಷಿಕೆಗಳು ಬರುತ್ತವೆ. ಆಮೇಲೆ ಹತ್ತನೆಯದು.

ಹತ್ತನೇ ಅಧ್ಯಾಯಕ್ಕೆ ಒಂದು ಗ್ರಾಫ್ ಹಾಳೆ ಇಟ್ಟುಕೊಳ್ಳಿ. ಅದರಲ್ಲಿ 19 ತುಣುಕುಗಳಿವೆ, ಎಲ್ಲವೂ 1904ರ ಜೂನ್ 16ರ ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ. ಒಂದು ತುಣುಕಿನ ನಡುವೆ ಸಂಬಂಧವೇ ಇಲ್ಲದ ಒಂದು ಸಾಲು ನುಗ್ಗುತ್ತದೆ. ಅಚ್ಚಿನ ತಪ್ಪೇನೋ ಅನ್ನಿಸುತ್ತದೆ. ಅದು ಅದೇ ಗಳಿಗೆಯಲ್ಲಿ ಊರಿನ ಇನ್ನೊಂದು ಮೂಲೆಯಲ್ಲಿ ನಡೆಯುತ್ತಿರುವುದು, ಮತ್ತೊಂದು ತುಣುಕಿಗೆ ಸೇರಿದ್ದು. ಅಂಥ ಸಾಲು ಬಂದಾಗಲೆಲ್ಲ ಎರಡೂ ಜಾಗವನ್ನು ಒಂದು ಗೆರೆಯಿಂದ ಕೂಡಿಸಿ. ಜಾಯ್ಸ್ ಈ ಅಧ್ಯಾಯವನ್ನು ಡಬ್ಲಿನ್ ನಕ್ಷೆ ಮುಂದಿಟ್ಟುಕೊಂಡು, ಇಬ್ಬರ ದಾರಿಯನ್ನು ಕೆಂಪು ಶಾಯಿಯಲ್ಲಿ ಗುರುತಿಸಿ, ನಿಮಿಷಗಳ ಲೆಕ್ಕ ಹಾಕಿ ಬರೆದನೆಂದು ಅವನ ಗೆಳೆಯ ಫ್ರಾಂಕ್ ಬಜೆನ್ ದಾಖಲಿಸಿದ್ದಾನೆ. ಹಾಳೆ ತುಂಬಿದ ಮೇಲೆ ಪುಸ್ತಕದ ಮೇಲಿನ ಭಯ ಹೋಗುತ್ತದೆ.

ಅದೂ ಭಾರವೆನಿಸಿದರೆ ವುಲ್ಫ್‌ಳ 1925ರ 'ಮಿಸೆಸ್ ಡ್ಯಾಲೊವೇ' ಓದಿ, ಚಿಕ್ಕದು. ಲಂಡನ್ನಿನ ಒಂದು ದಿನ. ಕಾರಿನ ಢಮ್ ಶಬ್ದ, ಆಕಾಶದಲ್ಲಿ ಹೊಗೆಯಿಂದ ಜಾಹೀರಾತು ಬರೆಯುವ ವಿಮಾನ, ಗಡಿಯಾರದ ಗಂಟೆ, ಇವುಗಳನ್ನು ಹಲವರು ಒಟ್ಟಿಗೆ ಕಾಣುವಾಗ ಕೇಳುವಾಗ ಕಥೆ ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ದಾಟುತ್ತದೆ. ದಾಟಿದ ಜಾಗದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ನೀವು ಬ್ಯಾಂಕಿನವರಾದ್ದರಿಂದ ಇನ್ನೊಂದು: ಲಂಡನ್ ಸೇತುವೆ ಮೇಲೆ ಬೆಳಗಿನ ಕೆಲಸಕ್ಕೆ ಹರಿದುಹೋಗುವ ಜನರನ್ನು 1922ರ 'ದಿ ವೇಸ್ಟ್ ಲ್ಯಾಂಡ್' ಕವಿತೆಯಲ್ಲಿ ಸತ್ತವರ ಮೆರವಣಿಗೆಯಂತೆ ಕಂಡ ಎಲಿಯಟ್ ಆಗ ಲಾಯ್ಡ್ಸ್ ಬ್ಯಾಂಕಿನ ನೌಕರ. ಒಂಬತ್ತರ ಕೊನೆಯ ಬಡಿತ ಸತ್ತ ದನಿಯಲ್ಲಿ ಬೀಳುತ್ತಿತ್ತೆಂದು ಬರೆದು, ಅದನ್ನು ತಾನು ಎಷ್ಟೋ ಸಲ ಗಮನಿಸಿದ್ದೇನೆ ಎಂದು ಟಿಪ್ಪಣಿಯನ್ನೂ ಸೇರಿಸಿದ್ದಾನೆ.

ಕನ್ನಡದಲ್ಲಿ ಮಹಾನಗರ ಎಂದಾಗ ಬೆಂಗಳೂರಿಗಿಂತ ಮುಂಬೈ ಏಕೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ? ನಮ್ಮ ಮೊದಲ ಸಿನಿಮಾಗಳಲ್ಲಿ ನಗರ ಇದೆಯೇ?
— ಉಪನ್ಯಾಸಕರು, ಚಿಂತಾಮಣಿ

ಯಶವಂತ ಚಿತ್ತಾಲರ 1979ರ 'ಶಿಕಾರಿ', ಜಯಂತ ಕಾಯ್ಕಿಣಿಯವರ ಕಥೆಗಳು ನಿಮ್ಮ ಮನಸ್ಸಿನಲ್ಲಿರಬೇಕು. ಇಬ್ಬರೂ ಉತ್ತರ ಕನ್ನಡದಿಂದ ಮುಂಬೈಗೆ ಹೋಗಿ ಅಲ್ಲಿನ ಕಂಪನಿಗಳಲ್ಲಿ ದುಡಿದವರು. ಭಾಷೆಯೇ ಬೇರೆಯಾದ ಊರಲ್ಲಿ ಅಪರಿಚಿತನಾಗಿ ಬದುಕುವುದು ಅವರಿಗೆ ದಿನನಿತ್ಯದ ಅನುಭವ. ಬೆಂಗಳೂರಿಗೆ ಬಂದ ಕನ್ನಡ ಲೇಖಕನಿಗೆ ಊರಿನ ನೆಂಟರು, ಹಾಸ್ಟೆಲು, ವಾರಕ್ಕೊಮ್ಮೆ ಮನೆಯ ಬಸ್ಸು ಇದ್ದವು. ನಮ್ಮ ಅಭಿಪ್ರಾಯದಲ್ಲಿ ವ್ಯತ್ಯಾಸ ಇರುವುದು ಈ ದೂರದಲ್ಲಿ, ಊರಿನ ಗಾತ್ರದಲ್ಲಲ್ಲ. ಬೋದಿಲೇರನನ್ನು ಕನ್ನಡದಲ್ಲೇ ಓದಬೇಕೆಂದಿದ್ದರೆ ಲಂಕೇಶರ 'ಪಾಪದ ಹೂಗಳು' ಇದೆ.

ಸಿನಿಮಾದಲ್ಲಿ ಆರಂಭಕ್ಕೆ ನಗರವಿಲ್ಲ. 1934ರ 'ಸತಿ ಸುಲೋಚನ' ಪೌರಾಣಿಕ ಕಥೆ, ಚಿತ್ರೀಕರಣ ಕೊಲ್ಹಾಪುರದಲ್ಲಿ. ನಮ್ಮ ಮೊದಲ ವಾಕ್ಚಿತ್ರಗಳ ಕಥೆ, ನಟರು, ಹಾಡುಗಾರಿಕೆ ಎಲ್ಲವೂ ಹೆಚ್ಚಾಗಿ ಕಂಪನಿ ನಾಟಕದಿಂದ ಬಂದವು, ಕ್ಯಾಮೆರಾ ಪರದೆಯ ಮುಂದೆ ನಿಂತಿತು. ಬೀದಿಗಿಳಿಯಲು ಅದಕ್ಕೆ ಬಹಳ ಕಾಲ ಬೇಕಾಯಿತು.

ಈ ಚಿತ್ರಗಳನ್ನು ಕಾಲೇಜಿನಲ್ಲಿ ತೋರಿಸಲು ಹಕ್ಕು ಪಡೆಯಬೇಕೇ? ಸಂಗೀತಕ್ಕೆ ಏನು ಮಾಡುವುದು?
— ಚಿತ್ರ ಸಮಾಜದ ಕಾರ್ಯಕರ್ತರು, ಕೋಲಾರ

ನಮ್ಮ ಕಾಯಿದೆಯಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1920ರ ದಶಕದ ಚಿತ್ರಗಳ ಅವಧಿ ಮುಗಿದಿದೆ. ಆದರೆ ಇತ್ತೀಚೆಗೆ ಧ್ವನಿಮುದ್ರಿಸಿದ ಹಿನ್ನೆಲೆ ಸಂಗೀತಕ್ಕೆ ಬೇರೆ ಹಕ್ಕಿರುತ್ತದೆ. ಪ್ರೇಕ್ಷಕರು ಕಾಲೇಜಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪೋಷಕರಷ್ಟೇ ಆಗಿ, ಕಾಲೇಜಿನ ಚಟುವಟಿಕೆಯ ಭಾಗವಾಗಿದ್ದರೆ ಕಾಯಿದೆಯಲ್ಲೇ ವಿನಾಯಿತಿ ಇದೆ. ಹೊರಗಿನವರನ್ನು ಕರೆಯುವುದಾದರೆ ಧ್ವನಿ ಆರಿಸಿ ನಿಮ್ಮದೇ ಸಂಗೀತ ನುಡಿಸಿ.

ಬರ್ಲಿನ್ ಚಿತ್ರಕ್ಕೆ ಇಬ್ಬರು ಸಾಕು: ಒಂದು ತಾಳವಾದ್ಯ, ಒಂದು ಹಾರ್ಮೋನಿಯಂ ಅಥವಾ ಪಿಟೀಲು. ಐದು ಅಂಕಗಳಿಗೆ ಐದು ಬೇರೆ ಲಯ ಗೊತ್ತುಮಾಡಿಕೊಳ್ಳಿ, ಪ್ರತಿ ಅಂಕದಲ್ಲೂ ಒಂದೆರಡು ನಿಮಿಷ ಪೂರ್ತಿ ಸುಮ್ಮನಿರಿ. ಮೊದಲ ಅಂಕದ ಖಾಲಿ ಬೀದಿಗೆ ತಾಳವಾದ್ಯ ಬೇಡವೇ ಬೇಡ. ಇಡೀ ಚಿತ್ರವನ್ನು ಕನಿಷ್ಠ ಮೂರು ಸಲ ನುಡಿಸಿ ಅಭ್ಯಾಸ ಮಾಡಿ, ಅಂಕ ಬದಲಾಗುವ ನಿಮಿಷಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಾದ್ಯದವರು ತೆರೆಗೆ ಓರೆಯಾಗಿ, ಚಿತ್ರ ಕಾಣುವಂತೆ ಕೂರಲಿ. ಅವರ ದೀಪಕ್ಕೆ ರಟ್ಟಿನ ಮರೆ ಕಟ್ಟಿ, ಬೆಳಕು ತೆರೆಯ ಮೇಲೆ ಬಿದ್ದರೆ ರಾತ್ರಿ ದೃಶ್ಯಗಳು ಬಿಳಿಚಿಕೊಳ್ಳುತ್ತವೆ.